ಸ್ಕಾರ್‌ಬರೋದ ಗ್ರ್ಯಾಂಡ್ ಹೋಟೆಲಿನಲ್ಲಿ ಎರಡು ರಾತ್ರಿ: ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದೊಯ್ಯುವವರಿಗೆ

ಲೀಡ್ಸ್, ಯಾರ್ಕ್, ಬ್ರಾಡ್‌ಫರ್ಡ್, ಹಲ್ ಕಡೆ ನೆಲೆಸಿರುವ ಕನ್ನಡದವರ ಮನೆಗೆ ಬೇಸಿಗೆಯಲ್ಲಿ ಊರಿಂದ ಹಿರಿಯರು ಬಂದರೆ, ಒಂದು ದಿನ ಸಮುದ್ರ ತೋರಿಸೋಣ ಎಂದು ಸ್ಕಾರ್‌ಬರೋಗೆ ಹೊರಡುವುದುಂಟು. ಬೆಳಿಗ್ಗೆ ಹೋಗಿ, ಮರಳಿನ ಮೇಲೆ ಒಂದು ಸುತ್ತು ಹಾಕಿ, ಐಸ್‌ಕ್ರೀಂ ತಿಂದು ಸಂಜೆ ರೈಲು ಹತ್ತುತ್ತಾರೆ. ಬೀಚಿನಿಂದ ತಲೆಯೆತ್ತಿದರೆ ಗುಡ್ಡದಂಚಿನಲ್ಲಿ ಕಂದುಹಳದಿ ಇಟ್ಟಿಗೆಯ ಒಂದು ಭಾರೀ ಕಟ್ಟಡ ಕಾಣುತ್ತದೆ, ಮೂಲೆಗಳಲ್ಲಿ ಗುಮ್ಮಟ ಹೊತ್ತ ಗೋಪುರಗಳು. ಅದನ್ನು ಹಿನ್ನೆಲೆಗಿಟ್ಟು ಫೋಟೋ ತೆಗೆದುಕೊಂಡವರು ಬಹಳ ಜನ, ಒಳಗೆ ಹೋಗಿ ಉಳಿದವರು ಕಡಿಮೆ. ಅದೇ ಗ್ರ್ಯಾಂಡ್ ಹೋಟೆಲ್. ಅಲ್ಲಿ ಎರಡು ರಾತ್ರಿ ಉಳಿಯಿರಿ ಎಂದು ಒತ್ತಿ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಆದರೆ ನೂರೈವತ್ತು ವರ್ಷ ದಾಟಿದ ಹೋಟೆಲನ್ನು ಹೊಸ ಹೋಟೆಲಿನ ಹಾಗೆ ಕಾಯ್ದಿರಿಸಿದರೆ ನಿರಾಸೆ ಖಂಡಿತ. ಅದಕ್ಕೆ ಬೇರೆಯದೇ ಕ್ರಮ ಬೇಕು.

ಮೊದಲು: ಯಾವುದಕ್ಕೆ ದುಡ್ಡು ಕೊಡುತ್ತಿದ್ದೀರಿ ಎಂದು ತೀರ್ಮಾನಿಸಿ

ಈ ಹೋಟೆಲು ಬಾಗಿಲು ತೆರೆದದ್ದು 1867ರಲ್ಲಿ. ಆಗ ಯುರೋಪಿನ ಅತಿ ದೊಡ್ಡ ಹೋಟೆಲುಗಳಲ್ಲಿ ಇದೂ ಒಂದು. ವಿನ್ಯಾಸ ಮಾಡಿದವನು ಹಲ್ ಊರಿನ ಕತ್‌ಬರ್ಟ್ ಬ್ರಾಡ್ರಿಕ್. ಲೀಡ್ಸ್‌ನಲ್ಲಿರುವವರಿಗೆ ಅವನ ಕೈಕೆಲಸ ಈಗಾಗಲೇ ಗೊತ್ತು. 1858ರಲ್ಲಿ ವಿಕ್ಟೋರಿಯಾ ರಾಣಿ ಬಂದು ಉದ್ಘಾಟಿಸಿದ ಲೀಡ್ಸ್ ಟೌನ್ ಹಾಲ್ ಅವನದು, ಅಂಡಾಕಾರದ ಗುಮ್ಮಟದ ಕಾರ್ನ್ ಎಕ್ಸ್‌ಚೇಂಜ್ ಕೂಡ ಅವನದೇ. ಸ್ಕಾರ್‌ಬರೋಗೆ ಹೊರಡುವ ಮುನ್ನ ಒಂದು ಸಂಜೆ ಅಪ್ಪ ಅಮ್ಮನಿಗೆ ಆ ಎರಡು ಕಟ್ಟಡಗಳನ್ನು ತೋರಿಸಿ. ಆಮೇಲೆ ಈ ಹೋಟೆಲು ಅವರಿಗೆ ಗುರುತಿನವರ ಮನೆಯಂತೆ ಕಾಣುತ್ತದೆ.

ಬ್ರಾಡ್ರಿಕ್ ಇಡೀ ಕಟ್ಟಡವನ್ನು ಒಂದು ವರ್ಷದ ಲೆಕ್ಕದಲ್ಲಿ ಕಟ್ಟಿದ. ಋತುಗಳಿಗೆ 4 ಗೋಪುರ, ತಿಂಗಳುಗಳಿಗೆ 12 ಅಂತಸ್ತು, ವಾರಗಳಿಗೆ 52 ಹೊಗೆಗೂಡು, ದಿನಗಳಿಗೆ 365 ಮಲಗುವ ಕೋಣೆ. ಮೇಲಿಂದ ನೋಡಿದರೆ ಕಟ್ಟಡ ಇಂಗ್ಲಿಷಿನ ‘ವಿ’ ಅಕ್ಷರದ ಆಕಾರದಲ್ಲಿದೆ, ಅದು ರಾಣಿಯ ಗೌರವಕ್ಕೆ. ಸ್ನಾನದ ತೊಟ್ಟಿಗಳಿಗೆ ಸಿಹಿನೀರಿನ ನಲ್ಲಿಗಳ ಜೊತೆಗೆ ಸಮುದ್ರದ ನೀರಿನ ನಲ್ಲಿಗಳೂ ಇದ್ದವು, ಏಕೆಂದರೆ ಆಗ ಉಪ್ಪುನೀರಿನ ಸ್ನಾನವೆಂದರೆ ಔಷಧಿ.

ಇದು ಆಗಿನ ಶ್ರೀಮಂತರ ಹೋಟೆಲು. ಈಚಿನ ದಶಕಗಳಲ್ಲಿ ಇದು ಕಡಿಮೆ ದರದ, ಕೋಚ್ ಬಸ್ಸಿನಲ್ಲಿ ಬರುವ ಪ್ರವಾಸಿ ಗುಂಪುಗಳ ಹೋಟೆಲಾಗಿದೆ. ನಿವೃತ್ತಿಯಾದ ಇಂಗ್ಲಿಷ್ ದಂಪತಿಗಳು ಗುಂಪಾಗಿ ಬಂದು, ಊಟ ಮಾಡಿ, ರಾತ್ರಿ ಹಾಡು ಕುಣಿತ ನೋಡಿ ಹೋಗುತ್ತಾರೆ. ನನಗೆ ಇದರಲ್ಲಿ ಸಂತೋಷವೇ ಇದೆ. ಒಂದು ಕಾಲಕ್ಕೆ ಸಾಮಾನ್ಯ ಸಂಬಳದವರು ಹೊರಗಿನಿಂದ ನೋಡಿಯೇ ತೃಪ್ತರಾಗಬೇಕಿದ್ದ ಮೆಟ್ಟಿಲುಗಳ ಮೇಲೆ ಇವತ್ತು ಯಾರು ಬೇಕಾದರೂ ಹತ್ತಿಳಿಯಬಹುದು. ಆದರೆ ಹೊರಗಿನ ಭವ್ಯತೆ ನೋಡಿ ಕೋಣೆಯೂ ಹಾಗೇ ಇರುತ್ತದೆ ಎಂದುಕೊಳ್ಳಬೇಡಿ. ಇಂಥ ಹಳೆಯ ದೊಡ್ಡ ಹೋಟೆಲುಗಳಲ್ಲಿ ಒಂದೇ ಅಂತಸ್ತಿನ ಎರಡು ಕೋಣೆಗಳು ಒಂದೇ ತೆರನಾಗಿರುವುದಿಲ್ಲ. ಕಟ್ಟಡ, ಮೆಟ್ಟಿಲು, ಕಡಲು, ಇವು ಖಾತ್ರಿಯಾಗಿ ಸಿಗುತ್ತವೆ. ಕೋಣೆ ಚೆನ್ನಾಗಿ ಸಿಗುವಂತೆ ನೋಡಿಕೊಳ್ಳುವುದು ನಿಮ್ಮ ಕೆಲಸ. ಮನೆಯವರಿಗೆಲ್ಲ ಇದನ್ನು ಮೊದಲೇ ಹೇಳಿಬಿಡಿ. ‘ಪ್ಯಾಲೇಸ್’ ಎಂದು ಹೇಳಿ ಕರೆದೊಯ್ಯಬೇಡಿ.

ಎರಡನೆಯದು: ದಿನ ಆರಿಸುವುದು

ಹೋಟೆಲಿನ ಮುಂದಿರುವ ಸೌತ್ ಬೇ ಎಂಬ ಕೊಲ್ಲಿ ಪೂರ್ವದ ಕಡೆಗೆ ತೆರೆದುಕೊಂಡಿದೆ. ಹಾಗಾಗಿ ಕಡಲಿನಿಂದಲೇ ಸೂರ್ಯ ಹುಟ್ಟುತ್ತಾನೆ. ಕರಾವಳಿಯಲ್ಲಿ ಸೂರ್ಯಾಸ್ತ ನೋಡಿ ಬೆಳೆದ ನಮ್ಮವರಿಗೆ ಇದೊಂದು ಹೊಸ ನೋಟ. ಜೂನ್ ಕೊನೆಯಲ್ಲಿ ಬೆಳಗಿನ ಜಾವ ನಾಲ್ಕೂವರೆಗೇ ಸೂರ್ಯೋದಯ, ರಾತ್ರಿ ಒಂಬತ್ತೂವರೆ ದಾಟಿದ ಮೇಲೆ ಕತ್ತಲು. ಡಿಸೆಂಬರಿನಲ್ಲಿ ಎಂಟು ಗಂಟೆ ದಾಟಿದ ಮೇಲೆ ಬೆಳಕು, ಮಧ್ಯಾಹ್ನ ನಾಲ್ಕರ ಒಳಗೇ ಮುಗಿಯುತ್ತದೆ. ನಸುಕಿನಲ್ಲೇ ಏಳುವ ಅಭ್ಯಾಸವಿರುವ ಹಿರಿಯರಿಗೆ ಸೆಪ್ಟೆಂಬರ್ ಎಲ್ಲಕ್ಕಿಂತ ಹೊಂದುತ್ತದೆ. ಆರೂವರೆಯ ಹೊತ್ತಿಗೆ ಸೂರ್ಯ, ಶಾಲೆಗಳು ಶುರುವಾಗಿರುವುದರಿಂದ ಜನ ಕಡಿಮೆ, ದರವೂ ಇಳಿದಿರುತ್ತದೆ.

ಸೆಪ್ಟೆಂಬರ್ ಎನ್ನುವುದಕ್ಕೆ ಇನ್ನೊಂದು ಕಾರಣ ಹಕ್ಕಿ. ಕಿಟ್ಟಿವೇಕ್ ಎಂಬ ಕಡಲಹಕ್ಕಿ ವರ್ಷದ ಹೆಚ್ಚು ಕಾಲ ನಡುಗಡಲಿನಲ್ಲಿ ಕಳೆದು, ಮರಿ ಮಾಡಲು ಮಾತ್ರ ಕಡಿದಾದ ಬಂಡೆಗಳಿಗೆ ಬರುತ್ತದೆ. ಸ್ಕಾರ್‌ಬರೋದಲ್ಲಿ ಅವು ಈ ಹೋಟೆಲಿನ ಕಿಟಕಿ ಅಂಚುಗಳನ್ನೂ ಪಕ್ಕದ ಸ್ಪಾ ಸೇತುವೆಯನ್ನೂ ಬಂಡೆಯೆಂದೇ ಬಗೆದು ಗೂಡು ಕಟ್ಟುತ್ತವೆ. ಚಳಿಗಾಲದ ಕೊನೆಗೆ ಬಂದು ಆಗಸ್ಟ್ ಮುಗಿಯುವಷ್ಟರಲ್ಲಿ ಹೊರಟುಬಿಡುತ್ತವೆ. ಮೇ, ಜೂನ್, ಜುಲೈನಲ್ಲಿ ಕಡಲ ಕಡೆಯ ಕೋಣೆಯಲ್ಲಿ ಮಲಗಿದರೆ ನಸುಕಿನಿಂದಲೇ ಅವುಗಳ ಕೂಗು, ಜೊತೆಗೆ ಹಿಕ್ಕೆಯ ವಾಸನೆ. ಇದನ್ನು ಹೋಟೆಲಿನವರಿಗೆ ದೂರಿ ಫಲವಿಲ್ಲ. 1981ರ ವನ್ಯಜೀವಿ ಕಾಯ್ದೆಯ ಪ್ರಕಾರ ಹಕ್ಕಿ ವಾಸವಿರುವ ಗೂಡನ್ನು ಮುಟ್ಟುವಂತಿಲ್ಲ, ಮೇಲಾಗಿ ಬ್ರಿಟನ್ನಿನಲ್ಲಿ ಈ ಹಕ್ಕಿ ಅಪಾಯದಂಚಿನ ಕೆಂಪು ಪಟ್ಟಿಯಲ್ಲಿದೆ. ಹಕ್ಕಿ ನೋಡುವ ಆಸೆಯಿದ್ದರೆ ಜೂನ್‌ನಲ್ಲೇ ಹೋಗಿ. ಕೈಗೆಟಕುವಷ್ಟು ಹತ್ತಿರದಿಂದ ಕಿಟ್ಟಿವೇಕ್ ಗೂಡು ನೋಡುವುದು ಸುಲಭಕ್ಕೆ ಸಿಗುವ ಭಾಗ್ಯವಲ್ಲ. ಅಮ್ಮನಿಗೆ ನಿದ್ದೆ ಮುಖ್ಯ ಎಂದಾದರೆ ಸೆಪ್ಟೆಂಬರಿಗೆ ಬನ್ನಿ.

ಈಸ್ಟರ್, ಬ್ಯಾಂಕ್ ರಜೆಯ ವಾರಾಂತ್ಯ, ಶಾಲೆಗಳ ಹಾಫ್ ಟರ್ಮ್ (ಅವಧಿಯ ನಡುವಿನ ರಜೆ) ಬಿಟ್ಟುಬಿಡಿ. ಭಾನುವಾರದಿಂದ ಮಂಗಳವಾರದವರೆಗಿನ ಎರಡು ರಾತ್ರಿ ಸಾಮಾನ್ಯವಾಗಿ ಅಗ್ಗ.

ಮೂರನೆಯದು: ಕೋಣೆ ಕಾಯ್ದಿರಿಸುವುದು

ಇಲ್ಲಿ ಆತುರ ಬೇಡ. ಹೋಟೆಲು ಈಗ ಹೇಗಿದೆ ಎಂದು ತಿಳಿಯಲು ಕಳೆದ ಎರಡು ಮೂರು ತಿಂಗಳಲ್ಲಿ ಉಳಿದು ಬಂದವರ ಮಾತು ಓದಿ, ಅವರು ಹಾಕಿದ ಫೋಟೋ ನೋಡಿ. ಹೋಟೆಲೇ ಹಾಕಿರುವ ಚಿತ್ರಗಳನ್ನು ನಂಬಿ ತೀರ್ಮಾನಿಸಬೇಡಿ. ಊಟದ ಮನೆಯ ಶುಚಿತ್ವಕ್ಕೆ ಫುಡ್ ಸ್ಟ್ಯಾಂಡರ್ಡ್ಸ್ ಏಜೆನ್ಸಿಯ ತಾಣದಲ್ಲಿ 0ಯಿಂದ 5ರವರೆಗಿನ ಅಂಕ ಸಿಗುತ್ತದೆ. ಇಂಗ್ಲೆಂಡಿನಲ್ಲಿ ಆ ಅಂಕವನ್ನು ಬಾಗಿಲಿಗೆ ಅಂಟಿಸುವುದು ಕಡ್ಡಾಯವಲ್ಲ, ಹಾಗಾಗಿ ನೀವೇ ಹುಡುಕಬೇಕು.

‘ಸೀ ವ್ಯೂ’ ಎಂದು ಬರೆದಿರದಿದ್ದರೆ ಸಮುದ್ರ ಕಾಣುವುದಿಲ್ಲ ಎಂದೇ ತಿಳಿಯಿರಿ. ಇಷ್ಟು ದೊಡ್ಡ ಕಟ್ಟಡದಲ್ಲಿ ಊರಿನ ಕಡೆಗೋ, ಇನ್ನೊಂದು ಗೋಡೆಗೋ ಮುಖಮಾಡಿದ ಕೋಣೆಗಳು ಬಹಳ. ಕಡಲ ನೋಟಕ್ಕೆ ಹೆಚ್ಚು ಹಣ ಕೇಳುತ್ತಾರೆ, ಕೊಟ್ಟುಬಿಡಿ. ಬೇರೆ ಯಾವ ಸೌಕರ್ಯಕ್ಕೂ ಇಲ್ಲಿ ಹೆಚ್ಚುವರಿ ಹಣ ಕೊಡಿ ಎಂದು ನಾನು ಹೇಳುವುದಿಲ್ಲ, ಇದಕ್ಕೆ ಮಾತ್ರ ಹೇಳುತ್ತೇನೆ. ಒಬ್ಬರೇ ಹೋಗುವವರು ‘ಸಿಂಗಲ್’ ತೆಗೆದುಕೊಳ್ಳಬೇಡಿ. ಹಳೆಯ ಹೋಟೆಲುಗಳ ಸಿಂಗಲ್ ಕೋಣೆ ತೀರಾ ಇಕ್ಕಟ್ಟು.

ಕಾಯ್ದಿರಿಸಿದ ಮೇಲೆ ಫೋನ್ ಮಾಡಿ. ಮೂರು ಮಾತು ಕೇಳಿ. ಲಿಫ್ಟಿನ ಹತ್ತಿರದ ಕೋಣೆ ಕೊಡಬಹುದೇ? ಸ್ನಾನಕ್ಕೆ ತೊಟ್ಟಿಯ ಬದಲು ನೆಲಮಟ್ಟದ ಶವರ್ ಇದೆಯೇ? ಹಾಡು ಕುಣಿತ ನಡೆಯುವ ಸಭಾಂಗಣದ ಮೇಲಿನ ಕೋಣೆ ಬೇಡ ಎಂದು ಬರೆದಿಟ್ಟುಕೊಳ್ಳುತ್ತೀರಾ? ಎರಡನೆಯ ಪ್ರಶ್ನೆಯನ್ನು ಮಂಡಿನೋವಿರುವ ಹಿರಿಯರಿದ್ದರೆ ಮರೆಯಲೇಬೇಡಿ. ಇಂಗ್ಲಿಷ್ ಸ್ನಾನದ ತೊಟ್ಟಿಯ ಅಂಚು ಮಂಡಿ ಎತ್ತರ ಇರುತ್ತದೆ, ಒದ್ದೆಗಾಲಲ್ಲಿ ಅದನ್ನು ದಾಟುವಾಗಲೇ ಜಾರುವುದು. ಕೇಳಿದ್ದನ್ನೆಲ್ಲ ಇಮೇಲಿನಲ್ಲೂ ಕಳಿಸಿ, ಆಗ ನಿಮ್ಮ ಕೈಯಲ್ಲಿ ದಾಖಲೆ ಉಳಿಯುತ್ತದೆ.

ಹಣದ ವಿಷಯ. ಆನ್‌ಲೈನಿನಲ್ಲಿ ಕೊಂಡ ವಸ್ತುವನ್ನು 14 ದಿನದಲ್ಲಿ ಹಿಂತಿರುಗಿಸಬಹುದು ಎಂಬ ನಿಯಮ ನಿಗದಿತ ದಿನಾಂಕದ ಹೋಟೆಲ್ ಬುಕಿಂಗಿಗೆ ಅನ್ವಯಿಸುವುದಿಲ್ಲ. ‘ಹಿಂತಿರುಗಿಸಲಾಗದ’ ಅಗ್ಗದ ದರ ತೆಗೆದುಕೊಂಡರೆ, ವೀಸಾ ತಡವಾಗಿ ಅಪ್ಪ ಅಮ್ಮನ ಪ್ರಯಾಣ ಮುಂದಕ್ಕೆ ಹೋದಾಗ ಹಣವೂ ಹೋಗುತ್ತದೆ. ಸ್ವಲ್ಪ ಹೆಚ್ಚಾದರೂ ರದ್ದು ಮಾಡಬಹುದಾದ ದರವೇ ಇರಲಿ. 100 ಪೌಂಡಿಗಿಂತ ಹೆಚ್ಚಿನ ಮೊತ್ತವಾದರೆ ಕ್ರೆಡಿಟ್ ಕಾರ್ಡಿನಲ್ಲಿ, ಅದೂ ನೇರ ಹೋಟೆಲಿಗೇ ಕಟ್ಟಿ. ಒಪ್ಪಿದ್ದು ಸಿಗದಿದ್ದರೆ ಗ್ರಾಹಕ ಸಾಲ ಕಾಯ್ದೆಯ ಸೆಕ್ಷನ್ 75ರ ಅಡಿ ಕಾರ್ಡ್ ಕಂಪನಿಯಿಂದ ಹಣ ಕೇಳುವ ಹಕ್ಕಿದೆ. ನಡುವೆ ಮಧ್ಯವರ್ತಿ ತಾಣ ಬಂದರೆ ಈ ಹಕ್ಕು ಸಡಿಲವಾಗಬಹುದು.

ನಾಲ್ಕನೆಯದು: ಚೀಲಕ್ಕೆ ಹಾಕಬೇಕಾದದ್ದು

ಒಂದು ಪ್ಲಾಸ್ಟಿಕ್ ಚೊಂಬು, ರಬ್ಬರ್ ಚಪ್ಪಲಿ, ಆಗಸ್ಟಾದರೂ ಒಂದು ಸ್ವೆಟರ್, ಕಿವಿಗೆ ಹತ್ತಿ ಅಥವಾ ಇಯರ್ ಪ್ಲಗ್, ಕಣ್ಣುಪಟ್ಟಿ, ಎಕ್ಸ್‌ಟೆನ್ಷನ್ ವೈರು. ಹಳೆಯ ಕೋಣೆಗಳಲ್ಲಿ ಪ್ಲಗ್ ಪಾಯಿಂಟು ಮಂಚದ ಹತ್ತಿರ ಇರುವುದೇ ಇಲ್ಲ. ಕೋಣೆಯಲ್ಲಿ ಸಾಮಾನ್ಯವಾಗಿ ಎಲೆಕ್ಟ್ರಿಕ್ ಕೆಟಲ್ ಇರುತ್ತದೆ, ಆದ್ದರಿಂದ ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟು, ಅವಲಕ್ಕಿ ಪೊಟ್ಟಣ ನಾಲ್ಕು ಇಟ್ಟುಕೊಳ್ಳಿ, ಜೊತೆಗೆ ಚಟ್ನಿಪುಡಿ. ಇಂಡಕ್ಷನ್ ಒಲೆ, ರೈಸ್ ಕುಕ್ಕರ್ ಒಯ್ಯಲೇಬೇಡಿ. ಹೊಗೆ ಅಲಾರಂ ಕೂಗಿದರೆ ನೂರಾರು ಜನ ರಾತ್ರಿ ಹೊತ್ತು ಬೀದಿಗೆ ಬರಬೇಕಾಗುತ್ತದೆ. ಅಪ್ಪ ಅಮ್ಮನ ಮಾತ್ರೆಗಳು ಕೈಚೀಲದಲ್ಲೇ ಇರಲಿ.

ಐದನೆಯದು: ತಲುಪುವುದು

ಯಾರ್ಕ್‌ನಿಂದ ಸ್ಕಾರ್‌ಬರೋಗೆ ರೈಲು ಸುಮಾರು 50 ನಿಮಿಷ. ಈ ಹಳಿ ಬಿದ್ದದ್ದು 1845ರಲ್ಲಿ, ಅದು ಬಂದದ್ದರಿಂದಲೇ ಇಷ್ಟು ದೊಡ್ಡ ಹೋಟೆಲಿಗೆ ಜನ ಸಿಕ್ಕರು. 60 ದಾಟಿದವರಿಗೆ ಸೀನಿಯರ್ ರೈಲ್‌ಕಾರ್ಡ್ ಸಿಗುತ್ತದೆ, ಟಿಕೆಟಿನಲ್ಲಿ ಮೂರನೇ ಒಂದು ಭಾಗ ಕಡಿತ. ಇದಕ್ಕೆ ಬ್ರಿಟನ್ನಿನ ನಿವಾಸಿಯಾಗಿರಬೇಕೆಂದಿಲ್ಲ, ಪಾಸ್‌ಪೋರ್ಟ್ ತೋರಿಸಿ ನಿಲ್ದಾಣದಲ್ಲೇ ಮಾಡಿಸಬಹುದು. ಊರಿಂದ ಬಂದವರು ಎರಡು ಮೂರು ಸಲ ರೈಲಿನಲ್ಲಿ ಓಡಾಡಿದರೆ ಅದರ ದುಡ್ಡು ಹುಟ್ಟಿಬಿಡುತ್ತದೆ. ಲೀಡ್ಸ್‌ನಿಂದ ಯಾರ್ಕ್, ಮಾಲ್ಟನ್ ಹಾದು ಬರುವ 843 ಕೋಸ್ಟ್‌ಲೈನರ್ ಬಸ್ಸೂ ಇದೆ. ಹೊತ್ತು ಹೆಚ್ಚು ಹಿಡಿಯುತ್ತದೆ, ಆದರೆ ಮಹಡಿ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಯಾರ್ಕ್‌ಷೈರಿನ ಹೊಲ ನೋಡುವುದು ನಮ್ಮ ಹಿರಿಯರಿಗೆ ಬಲು ಇಷ್ಟವಾಗುತ್ತದೆ.

ನಿಲ್ದಾಣದಿಂದ ಹೋಟೆಲಿಗೆ ಅಂಗಡಿ ಬೀದಿ ಹಿಡಿದು ಇಳಿಜಾರಿನಲ್ಲಿ ಹತ್ತು ಹದಿನೈದು ನಿಮಿಷದ ನಡಿಗೆ. ಸೂಟ್‌ಕೇಸ್ ಭಾರವಿದ್ದರೆ ಟ್ಯಾಕ್ಸಿ. ಕಾರಿನಲ್ಲಿ ಬರುವವರು ನಿಲ್ಲಿಸುವ ಜಾಗವನ್ನು ಮೊದಲೇ ವಿಚಾರಿಸಿಕೊಳ್ಳಿ, ಗುಡ್ಡದ ಮೇಲೆ ಜಾಗ ಕಡಿಮೆ.

ಆರನೆಯದು: ಕೀಲಿ ಕೈಗೆ ಬಂದ ಮೇಲಿನ ಹದಿನೈದು ನಿಮಿಷ

ನನ್ನ ಮಟ್ಟಿಗೆ ಇಡೀ ವಾಸದ ಹಣೆಬರಹ ನಿಲ್ಲುವುದು ಈ ಹದಿನೈದು ನಿಮಿಷದ ಮೇಲೆ.

ಕಟ್ಟಡದ ವಿಚಿತ್ರ ಒಂದು ಗೊತ್ತಿರಲಿ. ಊರಿನ ಕಡೆಯಿಂದ, ಗುಡ್ಡದ ತಲೆಯ ಮೇಲಿನಿಂದ ನೀವು ಒಳಗೆ ಬರುತ್ತೀರಿ. ಕಡಲ ಕಡೆ ಕಟ್ಟಡ ಗುಡ್ಡದ ಜೊತೆಗೇ ಕೆಳಗಿಳಿದಿದೆ. ಹಾಗಾಗಿ ಸ್ವಾಗತ ಕಟ್ಟೆಗಿಂತ ಕೆಳಗೂ ಅಂತಸ್ತುಗಳಿವೆ. ಕೆಳಗಿನ ಅಂತಸ್ತು ಎಂದ ಕೂಡಲೇ ನೆಲಮಾಳಿಗೆ ಎಂದು ಹೆದರಬೇಕಾಗಿಲ್ಲ, ಕಡಲಿಗೆ ತೆರೆದ ಕಿಟಕಿ ಅಲ್ಲೂ ಇರಬಹುದು.

ಕೋಣೆಗೆ ಹೋದವರೇ ಸೂಟ್‌ಕೇಸನ್ನು ಹಾಸಿಗೆಯ ಮೇಲೂ ಕಾರ್ಪೆಟ್ಟಿನ ಮೇಲೂ ಇಡಬೇಡಿ, ಬಚ್ಚಲಿನ ಟೈಲ್ಸಿನ ಮೇಲಿಡಿ. ಹಾಸಿಗೆಯ ಹೊದಿಕೆ ಎತ್ತಿ, ಮೂಲೆಗಳ ಹೊಲಿಗೆಯನ್ನು ಮೊಬೈಲ್ ಟಾರ್ಚಿನಲ್ಲಿ ನೋಡಿ. ಕರಿ ಚುಕ್ಕಿಗಳಿದ್ದರೆ ತಿಗಣೆ ಇರುವ ಸಾಧ್ಯತೆ. ಬಿಸಿನೀರಿನ ನಲ್ಲಿ ಬಿಟ್ಟು ಎರಡು ನಿಮಿಷ ಕಾಯಿರಿ, ಉದ್ದನೆಯ ಹಳೆಯ ಕೊಳವೆಗಳಲ್ಲಿ ಬಿಸಿ ಬರಲು ಹೊತ್ತು ಬೇಕು. ಬಿಸಿಗೂ ತಣ್ಣೀರಿಗೂ ಬೇರೆ ಬೇರೆ ನಲ್ಲಿಗಳಿದ್ದರೆ ಬಿಸಿ ನಲ್ಲಿ ನೇರ ಕೈ ಸುಡಬಹುದು, ಹಿರಿಯರಿಗೆ ತೋರಿಸಿಕೊಡಿ. ಬಚ್ಚಲಿನ ದೀಪಕ್ಕೆ ಗೋಡೆಯಲ್ಲಿ ಸ್ವಿಚ್ಚು ಹುಡುಕಬೇಡಿ, ಮೇಲಿಂದ ದಾರ ಇಳಿಬಿಟ್ಟಿರುತ್ತದೆ. ಆದರೆ ಕೆಂಪು ದಾರವಾದರೆ ಅದು ಸಹಾಯಕ್ಕೆ ಕರೆಯುವ ಅಲಾರಂ. ಕಿಟಕಿ ತೆಗೆದು ಮುಚ್ಚಿ ನೋಡಿ, ಬಾಗಿಲ ಬೀಗ ನೋಡಿ, ಚಳಿಗಾಲವಾದರೆ ರೇಡಿಯೇಟರ್ ಮುಟ್ಟಿ ನೋಡಿ. ಮೂಲೆಯಲ್ಲಿ ಮುಗ್ಗಲು ವಾಸನೆ, ಗೋಡೆಯಲ್ಲಿ ಕರಿ ಬೂಷ್ಟು ಇದ್ದರೆ ಉಬ್ಬಸದವರು ಆ ಕೋಣೆಯಲ್ಲಿ ಮಲಗಬಾರದು.

ಏನಾದರೂ ಸರಿಯಿಲ್ಲವೆಂದರೆ ಫೋಟೋ ತೆಗೆದು ಆಗಲೇ ಕೆಳಗೆ ಹೋಗಿ ಬೇರೆ ಕೋಣೆ ಕೇಳಿ. ನಮ್ಮವರು ಸಾಮಾನ್ಯವಾಗಿ ‘ಎರಡು ರಾತ್ರಿ ತಾನೇ, ಹೇಗೋ ಆಗುತ್ತದೆ’ ಎಂದು ಸುಮ್ಮನಿರುತ್ತಾರೆ, ಆಮೇಲೆ ವರ್ಷಗಟ್ಟಲೆ ಅದನ್ನೇ ಹೇಳಿಕೊಳ್ಳುತ್ತಾರೆ. ಕೂಗಾಡಬೇಕಾಗಿಲ್ಲ. ಕೆಲಸದವರ ಜೊತೆ ಹಸನ್ಮುಖವಾಗಿ, ಸ್ಪಷ್ಟವಾಗಿ ಮಾತಾಡಿ. ಮಧ್ಯಾಹ್ನ ಮೂರು ನಾಲ್ಕು ಗಂಟೆಗೆ ಕೇಳಿದರೆ ಖಾಲಿ ಕೋಣೆಗಳಿರುತ್ತವೆ, ರಾತ್ರಿ ಹತ್ತಕ್ಕೆ ಕೇಳಿದರೆ ಇರುವುದಿಲ್ಲ. ಇದೇ ಕಾರಣಕ್ಕೆ ಬೇಗ ತಲುಪುವುದು ಒಳ್ಳೆಯದು.

ಕಿಟಕಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಉತ್ತರ ಸಮುದ್ರದ ಗಾಳಿ ಬಿರುಸಾದಾಗ ಹಳೆಯ ಮರದ ಕಿಟಕಿಗಳು ಶಿಳ್ಳೆ ಹೊಡೆಯುತ್ತವೆ. ‘ಇಷ್ಟು ದೊಡ್ಡ ಹೋಟೆಲಿಗೆ ಕಿಟಕಿ ಬದಲಿಸಲು ಆಗುವುದಿಲ್ಲವೇ’ ಎಂದು ಅಪ್ಪ ಕೇಳಿಯೇ ಕೇಳುತ್ತಾರೆ. ಈ ಕಟ್ಟಡ ‘ಗ್ರೇಡ್ ಟೂ ಸ್ಟಾರ್’ ದರ್ಜೆಯ ಸಂರಕ್ಷಿತ ಪಟ್ಟಿಯಲ್ಲಿದೆ. ಕಿಟಕಿಯ ಚೌಕಟ್ಟು ಬದಲಿಸಲೂ ಸ್ಥಳೀಯ ಆಡಳಿತದ ಒಪ್ಪಿಗೆ ಬೇಕು. ಅದೂ ಅಲ್ಲದೆ ಉಪ್ಪುಗಾಳಿ ಇಟ್ಟಿಗೆಯ ಗಾರೆಯನ್ನೂ ಕಬ್ಬಿಣವನ್ನೂ ಎಡೆಬಿಡದೆ ತಿನ್ನುತ್ತದೆ. ಗುಡ್ಡದಂಚಿನ ಕಟ್ಟಡವನ್ನು ಕಾಪಾಡುವುದು ಊರೊಳಗಿನ ಕಟ್ಟಡದ ಹಾಗಲ್ಲ.

ಕೊನೆಗೆ, ಬಾಗಿಲ ಹಿಂದೆ ಅಂಟಿಸಿರುವ ಬೆಂಕಿ ಸೂಚನೆ ಓದಿ, ನಿಮ್ಮ ಕೋಣೆಯಿಂದ ತುರ್ತು ಮೆಟ್ಟಿಲವರೆಗೆ ಎಷ್ಟು ಬಾಗಿಲು ಎಂದು ಎಣಿಸುತ್ತ ಎಲ್ಲರೂ ಒಮ್ಮೆ ನಡೆದು ಬನ್ನಿ. ಹೊಗೆಯಲ್ಲಿ ಕಣ್ಣು ಕಾಣದಾಗ ಆ ಎಣಿಕೆಯೇ ದಾರಿ. ಉದ್ದ ಓಣಿಗಳ ಈ ಕಟ್ಟಡದಲ್ಲಿ ಹಗಲಲ್ಲೇ ದಾರಿ ತಪ್ಪುವುದು ಸುಲಭ, ಹಿರಿಯರ ಕೈಯಲ್ಲಿ ಕೋಣೆ ಸಂಖ್ಯೆ ಬರೆದ ಚೀಟಿ ಇರಲಿ.

ಏಳನೆಯದು: ಊಟ ತಿಂಡಿ

ಬೆಳಗಿನ ತಿಂಡಿಯಲ್ಲಿ ಸಸ್ಯಾಹಾರಿಗಳಿಗೆ ಟೋಸ್ಟ್, ಬೇಯಿಸಿದ ಬೀನ್ಸ್, ಅಣಬೆ, ಟೊಮೇಟೊ, ಹ್ಯಾಶ್ ಬ್ರೌನ್, ಕಾರ್ನ್‌ಫ್ಲೇಕ್ಸ್, ಹಣ್ಣು ಸಿಗುತ್ತವೆ. ಬ್ಲ್ಯಾಕ್ ಪುಡಿಂಗ್ ಎಂಬ ಕರಿ ಬಿಲ್ಲೆಯನ್ನು ಕೇಕ್ ಎಂದುಕೊಂಡು ಬಡಿಸಿಕೊಳ್ಳಬೇಡಿ, ಅದು ಹಂದಿಯ ರಕ್ತದಿಂದ ಮಾಡಿದ್ದು. ರಾತ್ರಿ ಊಟವೂ ಸೇರಿದ ದರದಲ್ಲಿ ಬಂದಿದ್ದರೆ ಸಸ್ಯಾಹಾರ ಎಂದು ಕಾಯ್ದಿರಿಸುವಾಗಲೇ ಹೇಳಿರಿ.

ಎಲ್ಲಕ್ಕಿಂತ ಮುಖ್ಯವಾದದ್ದು ಚಿಪ್ಸ್. ಯಾರ್ಕ್‌ಷೈರಿನ ಫಿಶ್ ಅಂಡ್ ಚಿಪ್ಸ್ ಅಂಗಡಿಗಳಲ್ಲಿ ಕರಿಯುವುದು ಹೆಚ್ಚಾಗಿ ದನದ ಕೊಬ್ಬಿನಲ್ಲಿ. ಅದನ್ನು ‘ಬೀಫ್ ಡ್ರಿಪಿಂಗ್’ ಎನ್ನುತ್ತಾರೆ, ರುಚಿಗೆ ಅದೇ ಬೇಕೆಂದು ಹೆಮ್ಮೆಯಿಂದ ಬೋರ್ಡೂ ಹಾಕುತ್ತಾರೆ. ಬರೀ ಆಲೂಗಡ್ಡೆಯೆಂದು ನಂಬಿ ತಿಂದು, ಆಮೇಲೆ ಗೊತ್ತಾದರೆ ಜೀವಮಾನವಿಡೀ ಸಸ್ಯಾಹಾರಿಯಾಗಿದ್ದ ಅಜ್ಜಿಗೆ ಎಷ್ಟು ಸಂಕಟವಾಗುತ್ತದೆ ಎಂದು ಯೋಚಿಸಿ. ಪ್ರತಿ ಅಂಗಡಿಯಲ್ಲೂ ‘ವೆಜಿಟೇಬಲ್ ಆಯಿಲ್ಲಾ, ಡ್ರಿಪಿಂಗಾ’ ಎಂದು ಕೇಳಿಯೇ ಕೊಳ್ಳಿ. ಸಸ್ಯದ ಎಣ್ಣೆಯಲ್ಲಿ ಕರಿಯುವ ಅಂಗಡಿಗಳೂ ಇವೆ. ಮೀನು ತಿನ್ನುವವರಿಗಾದರೆ ಹ್ಯಾಡಕ್ ಹೇಳಿ, ಯಾರ್ಕ್‌ಷೈರಿನವರು ಕಾಡ್‌ಗಿಂತ ಅದನ್ನೇ ಮೆಚ್ಚುತ್ತಾರೆ. ಸಿಹಿಗೆ ಬಂದರಿನ ಬಳಿ 1945ರಿಂದ ನಡೆದಿರುವ ಹಾರ್ಬರ್ ಬಾರ್ ಎಂಬ ಹಳದಿ ಐಸ್‌ಕ್ರೀಂ ಅಂಗಡಿಗೆ ಹೋಗಿ.

ಹೊರಗೆ ತಿನ್ನುವಾಗ ಗೋಡೆಗೆ ಬೆನ್ನು ಕೊಟ್ಟು ಕೂರಿ. ಗುಲಾಬಿ ಕಾಲಿನ ದೊಡ್ಡ ಹೆರಿಂಗ್ ಗಲ್ ಹಿಂದಿನಿಂದ ಬಂದು ಕೈಯಲ್ಲಿದ್ದುದನ್ನು ಕಿತ್ತೊಯ್ಯುತ್ತದೆ. ಕರಿ ಕಾಲಿನ, ರೆಕ್ಕೆಯ ತುದಿ ಕಪ್ಪಾಗಿರುವ ಸಣ್ಣ ಹಕ್ಕಿ ಕಿಟ್ಟಿವೇಕ್. ಅದು ಕಡಲಿನಲ್ಲಿ ಮೀನು ಹಿಡಿದು ತಿನ್ನುವಂಥದ್ದು, ನಿಮ್ಮ ತಿಂಡಿಗೆ ಬಾಯಿ ಹಾಕುವುದಿಲ್ಲ.

ಎಂಟನೆಯದು: ಕಟ್ಟಡಕ್ಕೇ ಒಂದು ಬೆಳಗು ಕೊಡಿ

ಹೆಚ್ಚಿನವರು ತಿಂಡಿ ತಿಂದವರೇ ಬೀಚಿಗೆ ಓಡುತ್ತಾರೆ. ನೀವು ತಡೆಯಿರಿ. ಮುಖ್ಯ ಹಜಾರದ ದೊಡ್ಡ ಮೆಟ್ಟಿಲುಗಳ ಬುಡದಲ್ಲಿ ನಿಂತು ಮೇಲೆ ನೋಡಿ, ನಂತರ ಮೇಲೆ ಹತ್ತಿ ಅಲ್ಲಿಂದ ಕೆಳಗೆ ನೋಡಿ. ಕಂಬಗಳು, ಕಮಾನುಗಳು, ಕಬ್ಬಿಣದ ಕಟಾಂಜನಗಳು ಹೇಗೆ ಕಣ್ಣನ್ನು ಮೇಲಕ್ಕೆಳೆಯುತ್ತವೆ ಎಂಬುದು ಆಗ ತಿಳಿಯುತ್ತದೆ. ಆಮೇಲೆ ಹೊರಗೆ ಬಂದು ಸುತ್ತ ನಡೆಯಿರಿ. ಗೋಪುರಗಳನ್ನು ಎಣಿಸಲು ಮೊಮ್ಮಕ್ಕಳಿಗೆ ಹೇಳಿ.

ಹೊರಗೋಡೆಯಲ್ಲಿ ಲೇಖಕಿಯೊಬ್ಬಳ ನೆನಪಿನ ನೀಲಿ ಫಲಕ ಇದೆ. ಹೋಟೆಲು ಕಟ್ಟುವ ಮುಂಚೆ ಈ ಜಾಗದಲ್ಲಿ ವುಡ್ಸ್ ಲಾಡ್ಜಿಂಗ್ಸ್ ಎಂಬ ಬಾಡಿಗೆ ಮನೆಗಳಿದ್ದವು. ಕ್ಷಯ ಹಿಡಿದಿದ್ದ ಲೇಖಕಿ ಆ್ಯನ್ ಬ್ರಾಂಟಿ ಕಡಲಗಾಳಿಯಿಂದ ಗುಣವಾದೀತೆಂದು ಇಲ್ಲಿಗೆ ಬಂದು, 1849ರ ಮೇ 28ರಂದು ಇಲ್ಲೇ ತೀರಿಕೊಂಡಳು. ಆಗ ಅವಳಿಗೆ 29.

ಇನ್ನೊಂದು ಬೆಳಗು 1914ರ ಡಿಸೆಂಬರ್ 16. ಜರ್ಮನಿಯ ಯುದ್ಧನೌಕೆಗಳಾದ ಡೆರ್‌ಫ್ಲಿಂಗರ್ ಮತ್ತು ಫಾನ್ ಡೆರ್ ಟಾನ್ ಮಂಜಿನೊಳಗಿಂದ ಬಂದು ಊರಿನ ಮೇಲೆ ಗುಂಡಿನ ಮಳೆಗರೆದವು. ಕಡಲಿಗೆ ಎದೆಯೊಡ್ಡಿ ನಿಂತಿದ್ದ ಈ ಕಟ್ಟಡಕ್ಕೂ ಪೆಟ್ಟು ಬಿತ್ತು. ಅದೇ ದಿನ ವಿಟ್ಬಿ, ಹಾರ್ಟ್‌ಲ್‌ಪೂಲ್ ಮೇಲೂ ದಾಳಿಯಾಗಿ, ಮೂರೂ ಊರು ಸೇರಿ ನೂರಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ‘ಸ್ಕಾರ್‌ಬರೋ ನೆನಪಿರಲಿ’ ಎಂಬ ಕೂಗೇ ಬ್ರಿಟನ್ನಿನ ಸೈನ್ಯ ಭರ್ತಿಯ ಪೋಸ್ಟರುಗಳಿಗೆ ಏರಿತು. ಎರಡನೇ ಮಹಾಯುದ್ಧದಲ್ಲಿ ವಾಯುಪಡೆಗೆ ತರಬೇತಾಗುತ್ತಿದ್ದ ಹುಡುಗರು ಈ ಕೋಣೆಗಳಲ್ಲಿ ತಂಗಿದ್ದರು. ಕಡಲ ಕಿಟಕಿಯ ಮುಂದೆ ಕೂತು ಚಹಾ ಕುಡಿಯುವಾಗ ಇದನ್ನೆಲ್ಲ ಮನೆಯವರಿಗೆ ಹೇಳಿ. ಆ ಹೊತ್ತಿಗೆ ಕೋಣೆಯ ಕಾರ್ಪೆಟ್ ಮಾಸಿರುವುದು ದೊಡ್ಡ ಸಂಗತಿಯಾಗಿ ಉಳಿದಿರುವುದಿಲ್ಲ ಎಂಬುದು ನನ್ನ ನಂಬಿಕೆ.

ಒಂಬತ್ತನೆಯದು: ಗುಡ್ಡ ಇಳಿಯುವುದು, ಗುಡ್ಡವನ್ನು ಅರಿಯುವುದು

ಮಂಡಿನೋವಿನವರು ಮೆಟ್ಟಿಲಿಳಿಯುವ ಸಾಹಸ ಮಾಡುವುದು ಬೇಡ. ಹೋಟೆಲಿನ ಮಗ್ಗುಲಲ್ಲೇ 1881ರ ಸೆಂಟ್ರಲ್ ಟ್ರಾಮ್‌ವೇ ಇದೆ. ಹಗ್ಗಕ್ಕೆ ಕಟ್ಟಿದ ಎರಡು ಡಬ್ಬಿಗಳು, ಒಂದು ಇಳಿದಂತೆ ಇನ್ನೊಂದು ಏರುತ್ತದೆ. ಚಳಿಗಾಲದಲ್ಲಿ ಕೆಲಕಾಲ ನಿಂತಿರುತ್ತದೆ, ಸಂಜೆ ಕೊನೆಯ ಡಬ್ಬಿ ಎಷ್ಟಕ್ಕೆ ಎಂದು ಇಳಿಯುವಾಗಲೇ ಕೇಳಿಕೊಳ್ಳಿ.

ಬೀಚಿಗೆ ಇಳಿಯುವ ಮುನ್ನ ಉಬ್ಬರ ಇಳಿತದ ವೇಳೆ ನೋಡಿ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು ಹನ್ನೆರಡೂವರೆ ಗಂಟೆ. ಇಳಿತದಲ್ಲಿ ಮೈದಾನದಂತೆ ಹರಡುವ ಮರಳು ಉಬ್ಬರದಲ್ಲಿ ಬಹುಪಾಲು ಮುಳುಗುತ್ತದೆ. ನೀರು ಆಗಸ್ಟಿನಲ್ಲೂ ತಣ್ಣಗೆ ಕೊರೆಯುತ್ತದೆ. ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ ಇಳಿಯಿರಿ, ನೀರಿನ ಶುದ್ಧತೆ ಕುರಿತ ಫಲಕ ಓದಿ. ಅಪಾಯವಾದರೆ 999ಕ್ಕೆ ಕರೆಮಾಡಿ ‘ಕೋಸ್ಟ್‌ಗಾರ್ಡ್’ ಎನ್ನಿ. ಒಳನಾಡು ಬಿಸಿಲಿನಲ್ಲಿದ್ದಾಗಲೂ ಇಲ್ಲಿ ಕಡಲಿನಿಂದ ದಟ್ಟ ಮಂಜು ಎದ್ದು ಗಳಿಗೆಯಲ್ಲಿ ಎಲ್ಲ ಮುಚ್ಚಬಹುದು, ಸ್ವೆಟರ್ ಹೇಳಿದ್ದು ಅದಕ್ಕೇ.

ಹೋಟೆಲಿನ ಮುಂದಿನಿಂದಲೇ 1827ರ ಸ್ಪಾ ಸೇತುವೆ ಕಣಿವೆ ದಾಟಿಸುತ್ತದೆ, ನಡೆಯುವವರಿಗೆ ಮಾತ್ರ. ಅದರಾಚೆ ಸ್ಪಾ, ಅಂದರೆ ಒಂದು ಕಾಲಕ್ಕೆ ಖನಿಜದ ನೀರನ್ನು ಔಷಧಿಯೆಂದು ಕುಡಿಯಲು ಜನ ಬರುತ್ತಿದ್ದ ಜಾಗ. ಈ ಊರು ಪ್ರಸಿದ್ಧಿಗೆ ಬಂದದ್ದೇ 1620ರ ದಶಕದಲ್ಲಿ ಅಲ್ಲಿ ಕಂಡ ಖನಿಜದ ಬುಗ್ಗೆಯಿಂದ. ಆಮೇಲೆ ವೈದ್ಯರು ಸಮುದ್ರಸ್ನಾನವನ್ನೂ ಸೇರಿಸಿದರು. 1735ರ ಒಂದು ಚಿತ್ರದಲ್ಲಿ ಇಲ್ಲಿನ ಮರಳಿನ ಮೇಲೆ ಸ್ನಾನದ ಬಂಡಿಯೊಂದು (ಒಳಗೆ ಬಟ್ಟೆ ಬದಲಿಸಿ ನೀರಿಗಿಳಿಯುವ ಗಾಲಿಯ ಕೋಣೆ) ನಿಂತಿರುವುದನ್ನು ಕಾಣಬಹುದು. ಸೇತುವೆಯ ಕೆಳಗಿನ ದುಂಡು ಕಟ್ಟಡ 1829ರ ರೋಟಂಡಾ ಮ್ಯೂಸಿಯಂ. ಇಂಗ್ಲೆಂಡಿನ ಭೂವಿಜ್ಞಾನದ ಪಿತಾಮಹ ಎನಿಸಿಕೊಂಡ ವಿಲಿಯಂ ಸ್ಮಿತ್‌ನ ಆಲೋಚನೆಯಂತೆ ಕಟ್ಟಿದ್ದು. ಗುಡ್ಡದಂಚಿನಲ್ಲಿ ಮಲಗುವವರು ಗುಡ್ಡ ಯಾವುದರಿಂದ ಆಗಿದೆ ಎಂದು ಇಲ್ಲಿ ನೋಡಿಕೊಂಡು ಹೋಗಬೇಕು.

ಏಕೆಂದರೆ ಈ ಊರಿನಲ್ಲೇ ಇನ್ನೊಂದು ಗುಡ್ಡದಂಚಿನ ಹೋಟೆಲಿತ್ತು. ದಕ್ಷಿಣಕ್ಕೆ ಸ್ವಲ್ಪ ದೂರದಲ್ಲಿ, 1879ರಲ್ಲಿ ಮನೆಯಾಗಿ ಕಟ್ಟಿದ ಹೋಲ್‌ಬೆಕ್ ಹಾಲ್. 1993ರ ಜೂನ್ ಮೊದಲ ವಾರ ಅದರ ಮುಂದಿನ ಹುಲ್ಲುಹಾಸು ರಾತ್ರೋರಾತ್ರಿ ಕಡಲ ಕಡೆ ಜಾರಿತು. ಅತಿಥಿಗಳೆಲ್ಲ ಸುರಕ್ಷಿತವಾಗಿ ಹೊರಬಂದರು, ಮುಂದಿನ ದಿನಗಳಲ್ಲಿ ಕಟ್ಟಡದ ಒಂದು ಭಾಗ ಟಿವಿ ಕ್ಯಾಮೆರಾಗಳ ಎದುರೇ ಕುಸಿಯಿತು. ಉಳಿದದ್ದನ್ನು ಕೆಡವಿದರು. ಹಿಮನದಿಗಳು ತಂದು ಸುರಿದ ಜೇಡಿಮಣ್ಣಿನ ಇಳಿಜಾರದು, ಮಳೆ ನೀರು ಕುಡಿದು ಭಾರವಾಗಿ ಜಾರಿತು. ಹೋಟೆಲಿನವರು ನಗರಸಭೆಯ ಮೇಲೆ ಹೂಡಿದ ದಾವೆ ಮೇಲ್ಮನವಿ ನ್ಯಾಯಾಲಯದವರೆಗೂ ಹೋಗಿ, ಇಷ್ಟು ದೊಡ್ಡ ಕುಸಿತವನ್ನು ನಗರಸಭೆ ಊಹಿಸಬಹುದಾಗಿರಲಿಲ್ಲ ಎಂದು 2000ದಲ್ಲಿ ತೀರ್ಪಾಯಿತು. ಇದನ್ನು ಹೆದರಿಸಲು ಹೇಳುತ್ತಿಲ್ಲ. ಮಳೆಗಾಲದಲ್ಲಿ ನಮ್ಮ ಮಡಿಕೇರಿ, ಶಿರಾಡಿ ಘಾಟಿನ ಗುಡ್ಡ ಕುಸಿತ ಕಂಡವರಿಗೆ ಇದು ಬಿಡಿಸಿ ಹೇಳಬೇಕಾದ ವಿಷಯವೂ ಅಲ್ಲ. ದಾರಿ ಮುಚ್ಚಿದೆ ಎಂಬ ಬೋರ್ಡು ಇದ್ದಲ್ಲಿ ಬೇಲಿ ದಾಟಬೇಡಿ, ಮಳೆ ಬಿದ್ದ ಮರುದಿನ ಇಳಿಜಾರಿನ ಬುಡದಲ್ಲಿ ಕೂರಬೇಡಿ, ಅಷ್ಟು ಸಾಕು.

ಹತ್ತನೆಯದು: ಹೊರಡುವ ದಿನ

ಕೋಣೆ ಖಾಲಿ ಮಾಡಿ, ಸೂಟ್‌ಕೇಸುಗಳನ್ನು ಇರಿಸಿಕೊಳ್ಳುವಿರಾ ಎಂದು ಸ್ವಾಗತ ಕಟ್ಟೆಯಲ್ಲಿ ಕೇಳಿ. ಮಧ್ಯಾಹ್ನದವರೆಗೆ ಕೋಟೆಯ ಕಡೆಗೆ ಹೋಗಬಹುದು. ಹನ್ನೆರಡನೇ ಶತಮಾನದ ಕೋಟೆಯ ಕೆಳಗೆ ಸೇಂಟ್ ಮೇರಿ ಚರ್ಚಿದೆ, ಅದರ ಅಂಗಳದಲ್ಲಿ ಲೇಖಕಿ ಆ್ಯನ್ ಬ್ರಾಂಟಿಯ ಸಮಾಧಿ. ಕಲ್ಲಿನ ಮೇಲೆ ವಯಸ್ಸನ್ನು 28 ಎಂದು ತಪ್ಪಾಗಿ ಕೆತ್ತಿದ್ದರು. ಕಡಲಗಾಳಿಗೆ ಅಕ್ಷರ ಸವೆಯುತ್ತಿದ್ದ ಕಾರಣ, ಸರಿಯಾದ ವಯಸ್ಸನ್ನು ಬರೆದ ಇನ್ನೊಂದು ಹಾಸುಗಲ್ಲನ್ನು 2011ರಲ್ಲಿ ಪಕ್ಕದಲ್ಲಿಟ್ಟಿದ್ದಾರೆ. ಏರು ಕಡಿದಾಗಿದೆ, ಹಿರಿಯರಿಗೆ ಟ್ಯಾಕ್ಸಿ ಮಾಡಿ.

ಕೇಳಿದ್ದು ಸಿಗದೆ, ಹೇಳಿದ ಮೇಲೂ ಸರಿಪಡಿಸದಿದ್ದರೆ ಹೊರಡುವ ಮುನ್ನವೇ ಮ್ಯಾನೇಜರಿಗೆ ಬರಹದಲ್ಲಿ ಕೊಡಿ, ಫೋಟೋ ಸೇರಿಸಿ. 2015ರ ಗ್ರಾಹಕ ಹಕ್ಕು ಕಾಯ್ದೆಯಂತೆ ಸೇವೆ ಸರಿಯಾದ ಕಾಳಜಿಯಿಂದ ಕೊಟ್ಟದ್ದಾಗಿರಬೇಕು, ಇಲ್ಲದಿದ್ದರೆ ದರದಲ್ಲಿ ಕಡಿತ ಕೇಳಬಹುದು. ಕೋಣೆ ಸ್ವಚ್ಛ ಮಾಡಿದವರು ಚೆನ್ನಾಗಿ ನೋಡಿಕೊಂಡಿದ್ದರೆ ಎರಡು ಮೂರು ಪೌಂಡ್ ಮೇಜಿನ ಮೇಲಿಟ್ಟು ಬನ್ನಿ. ಕಡ್ಡಾಯವಲ್ಲ, ಆದರೆ ಇಷ್ಟು ದೊಡ್ಡ ಹಳೆಯ ಕಟ್ಟಡ ನಡೆಯುತ್ತಿರುವುದು ಅವರ ಬೆನ್ನಿನ ಮೇಲೆ.

ರೈಲಿಗೆ ಅರ್ಧ ಗಂಟೆ ಮುಂಚೆ ನಿಲ್ದಾಣ ಸೇರಿಕೊಳ್ಳಿ. ಅಲ್ಲಿನ ಪ್ಲಾಟ್‌ಫಾರಂನಲ್ಲಿ ಮರದಿಂದ ಮಾಡಿದ, ಸುಮಾರು 139 ಮೀಟರ್ ಉದ್ದದ ಒಂದೇ ಬೆಂಚಿದೆ, ಹಾಗಾಗಿ ಕೂರಲು ಜಾಗಕ್ಕೆ ಪರದಾಡಬೇಕಾಗಿಲ್ಲ. ಭಾನುವಾರ ಸಂಜೆಯ ರೈಲುಗಳು ಕಿಕ್ಕಿರಿದಿರುತ್ತವೆ, ವಾರದ ಮಧ್ಯದ ಮಧ್ಯಾಹ್ನದ ರೈಲಿನಲ್ಲಿ ಎಲ್ಲರಿಗೂ ಒಟ್ಟಿಗೆ ಸೀಟು ಸಿಗುತ್ತದೆ.